ತೆರೆದ ಬಾಗಿಲಿನ ಖಾಸಗಿ ಜಾಗ: ಮಕ್ಕಳು, ಮಾಲೀಕರು, ಪೊಲೀಸರು



ಮಾಲ್, ಸಿನಿಮಾ ಮಂದಿರ, ಹೋಟೆಲು, ಸೂಪರ್ ಮಾರ್ಕೆಟ್ಟು, ವಿಡಿಯೋ ಗೇಮಿನ ಅಂಗಡಿ. ಇವೆಲ್ಲ ಯಾರೋ ಒಬ್ಬರ ಸ್ವತ್ತು, ಆದರೆ ಬಾಗಿಲು ಊರಿಗೆಲ್ಲ ತೆರೆದಿದೆ. ಇಂಥ ಜಾಗದಲ್ಲಿ 18 ತುಂಬದ ಹುಡುಗನನ್ನೋ ಹುಡುಗಿಯನ್ನೋ ಪೊಲೀಸರು ಏನು ಮಾಡಬಹುದು, ಏನು ಮಾಡಬಾರದು ಎಂಬುದು ಇವತ್ತಿನ ವಿಷಯ. ಸಂವಿಧಾನದ ಮೂಲರಚನೆಯ ಬಗ್ಗೆ ಮಾತಾಡಬಹುದಿತ್ತಲ್ಲ ಎಂದು ಸಂಘಟಕರೊಬ್ಬರು ಸಂಕೋಚದಿಂದಲೇ ಕೇಳಿದರು. ಆಡಬಹುದಿತ್ತು. ಆದರೆ ನಗರದಲ್ಲಿ ಬೆಳೆಯುವ ಹುಡುಗನಿಗೆ ಸರ್ಕಾರದ ಮೊದಲ ದರ್ಶನವಾಗುವುದು ಶಾಸನಸಭೆಯಲ್ಲಲ್ಲ. ಮಾಲಿನ ಎಸ್ಕಲೇಟರಿನ ಬುಡದಲ್ಲಿ, "ಏಯ್, ಬಾರೋ ಇಲ್ಲಿ" ಎಂದು ಕರೆಯುವ ದನಿಯಲ್ಲಿ.

ಮೊದಲು ಜಾಗದ ಮಾತು. ಇಂಥ ಸ್ಥಳಗಳ ಅಂಗಳಕ್ಕೆ ನಮ್ಮ ಸಂವಿಧಾನ ಮೊದಲ ದಿನವೇ ಕಾಲಿಟ್ಟಿದೆ. 15ನೆಯ ವಿಧಿಯ ಎರಡನೆಯ ಖಂಡ ಅಂಗಡಿ, ಸಾರ್ವಜನಿಕ ಉಪಾಹಾರಗೃಹ, ಹೋಟೆಲು, ಮನರಂಜನೆಯ ಸ್ಥಳ ಇವನ್ನು ಹೆಸರಿಟ್ಟು ಕರೆಯುತ್ತದೆ. ಧರ್ಮ, ಜನಾಂಗ, ಜಾತಿ, ಲಿಂಗ, ಹುಟ್ಟಿದ ಊರು, ಇಷ್ಟನ್ನೇ ಮುಂದಿಟ್ಟುಕೊಂಡು ಯಾರನ್ನೂ ಅಲ್ಲಿಂದ ಹೊರಗಿಡುವಂತಿಲ್ಲ. ಸಂವಿಧಾನ ಸಭೆಯಲ್ಲಿ 'ಅಂಗಡಿ' ಅಂದರೆ ಏನು ಎಂಬ ಪ್ರಶ್ನೆ ಬಂದಾಗ, ಬರಿಯ ಒಳಬಿಡುವ ಮಾತಲ್ಲ, ಕೇಳಿದವರಿಗೆ ಸೇವೆ ಕೊಡುವ ಮಾತು ಎಂಬ ವಿಶಾಲ ಅರ್ಥವನ್ನೇ ಅಂಬೇಡ್ಕರ್ ಕೊಟ್ಟರು. 2011ರಲ್ಲಿ ಇಂಡಿಯನ್ ಮೆಡಿಕಲ್ ಅಸೋಸಿಯೇಷನ್ ಪ್ರಕರಣದಲ್ಲಿ ಸುಪ್ರೀಂ ಕೋರ್ಟು ಆ ಅರ್ಥವನ್ನೇ ಎತ್ತಿ ಹಿಡಿಯಿತು. ನನ್ನ ಸ್ವತ್ತು, ನನ್ನಿಷ್ಟ ಎಂಬ ವಾದಕ್ಕೆ ಈ ದೇಶದಲ್ಲಿ 1950ರಿಂದಲೇ ಒಂದು ಗಡಿ ಇದೆ.

ಆದರೆ ಆ ಪಟ್ಟಿಯಲ್ಲಿ ವಯಸ್ಸಿಲ್ಲ, ಉಡುಪೂ ಇಲ್ಲ. 2024ರ ಜುಲೈನಲ್ಲಿ ಬೆಂಗಳೂರಿನ ಮಾಗಡಿ ರಸ್ತೆಯ ಮಾಲೊಂದರಲ್ಲಿ ಪಂಚೆ ಉಟ್ಟ ಹಾವೇರಿ ಕಡೆಯ ಹಿರಿಯ ರೈತರೊಬ್ಬರನ್ನು ಬಾಗಿಲಲ್ಲೇ ತಡೆದದ್ದು ನಿಮಗೆಲ್ಲ ನೆನಪಿದೆ. ರಾಜ್ಯವೇ ಸಿಟ್ಟಿಗೆದ್ದಿತು, ಅಕ್ರಮವಾಗಿ ತಡೆದ ಆರೋಪದ ಮೇಲೆ ಪ್ರಕರಣ ದಾಖಲಾಯಿತು, ಮಾಲನ್ನು ಏಳು ದಿನ ಮುಚ್ಚಿಸುವುದಾಗಿ ಸರ್ಕಾರ ಸದನದಲ್ಲೇ ಹೇಳಿತು. ಅದೇ ಬಾಗಿಲಲ್ಲಿ ಶಾಲಾ ಸಮವಸ್ತ್ರದ ನಾಲ್ಕು ಹುಡುಗರನ್ನು ತಡೆದಿದ್ದರೆ? ಸದನ ಹಾಗಿರಲಿ, ಹುಡುಗರ ಮನೆಯವರೂ "ಒಳ್ಳೇದೇ ಆಯ್ತು, ಕ್ಲಾಸಿಗೆ ಚಕ್ಕರ್ ಹಾಕಿ ಹೋಗಿದ್ರು" ಅನ್ನುತ್ತಿದ್ದರು. ಮಕ್ಕಳನ್ನು ಹೊರಗಿಡುವುದರಲ್ಲಿ ನಮಗೆ ಅನ್ಯಾಯ ಕಾಣುವುದಿಲ್ಲ. ಕೆಲವು ಸಲ ಅನ್ಯಾಯ ಇರುವುದೂ ಇಲ್ಲ. ದೊಡ್ಡವರ ಸಿನಿಮಾಕ್ಕೆ 15ರ ಹುಡುಗನನ್ನು ಬಿಡದಿರುವುದು ಥಿಯೇಟರಿನವರ ಕರ್ತವ್ಯವೇ.

ಮಾಲೀಕನ ಅಧಿಕಾರ ಎಲ್ಲಿಯವರೆಗೆ? ಒಳಗೆ ಬರಲು ಕೊಟ್ಟ ಅನುಮತಿಯನ್ನು ಹಿಂತೆಗೆದುಕೊಂಡು, ಹೊರಡಲು ಸಾಕಷ್ಟು ಸಮಯ ಕೊಟ್ಟು, "ಹೊರಡಪ್ಪ" ಅನ್ನುವವರೆಗೆ. 1882ರ ಈಸ್‌ಮೆಂಟ್ ಕಾಯ್ದೆಯಲ್ಲಿ ಬರೆದಿರುವ ತತ್ವ ಇಷ್ಟೇ. ಹೊರಡದೆ ನಿಂತರೆ ಅತಿಕ್ರಮ ಪ್ರವೇಶವಾಯಿತು ಎಂದು ಸೆಕ್ಯೂರಿಟಿಯವರೂ ಪೊಲೀಸರೂ ನಂಬಿರುತ್ತಾರೆ. ಭಾರತೀಯ ನ್ಯಾಯ ಸಂಹಿತೆಯ 329ನೆಯ ಕಲಂ ಓದಿದರೆ ಹಾಗಿಲ್ಲ: ಅಪರಾಧ ಮಾಡುವ, ಬೆದರಿಸುವ, ಅವಮಾನಿಸುವ ಅಥವಾ ಕಿರುಕುಳ ಕೊಡುವ ಉದ್ದೇಶ ಇರಬೇಕು. ಎಸಿ ಗಾಳಿಗೆ ಕೂತ ಹುಡುಗನಲ್ಲಿ ಆ ಉದ್ದೇಶ ಹುಡುಕುವುದು ಕಷ್ಟ. ಇನ್ನು ಸೆಕ್ಯೂರಿಟಿ ಗಾರ್ಡು. ಅವನ ಮೈಮೇಲಿನ ಸಮವಸ್ತ್ರ ಪೊಲೀಸರದ್ದನ್ನು ಹೋಲಬಾರದು ಎಂದು 2005ರ ಖಾಸಗಿ ಭದ್ರತಾ ಸಂಸ್ಥೆಗಳ ಕಾಯ್ದೆ ದಂಡ ಹೇಳಿ ವಿಧಿಸಿದೆ. ಕಾಯ್ದೆ ಬರೆದವರಿಗೆ ಗೊತ್ತಿತ್ತು, ಬಟ್ಟೆ ಹೋಲಿದರೆ ಸಾಕು, ಅಧಿಕಾರ ಇಲ್ಲದಿದ್ದರೂ ಜನ ಹೆದರುತ್ತಾರೆ ಎಂದು. ಹದಿಮೂರರ ಹುಡುಗನಂತೂ ಬೂಟು ಕಂಡರೇ ಹೆದರುತ್ತಾನೆ.

ಈಗ ಒಂದು ಕಲ್ಪಿತ ಪ್ರಕರಣ. ಮೂವರು ಗೆಳತಿಯರು, ಮೂವರಿಗೂ 14. ಸೂಪರ್ ಮಾರ್ಕೆಟ್ಟಿನಲ್ಲಿ ಒಬ್ಬಳು 300 ರೂಪಾಯಿಯ ಲಿಪ್‌ಸ್ಟಿಕ್ಕನ್ನು ಬ್ಯಾಗಿಗೆ ಹಾಕಿಕೊಂಡಳು, ಕ್ಯಾಮೆರಾದಲ್ಲಿ ಸಿಕ್ಕಿತು. ಬಾಗಿಲಲ್ಲಿ ಮೂವರನ್ನೂ ನಿಲ್ಲಿಸಿ ಹಿಂದಿನ ಕೋಣೆಗೆ ಕರೆದೊಯ್ದರು. ಬೀಟಿನ ಪೊಲೀಸರಿಗೆ ಫೋನ್ ಹೋಯಿತು. ಇದು ಕರ್ನಾಟಕದ ಯಾವ ಊರಿನಲ್ಲಾದರೂ ನಡೆಯಬಹುದಾದ ಸಂಗತಿ.

ಆ ಹಿಂದಿನ ಕೋಣೆ ಕಾನೂನುಬದ್ಧವೇ? ಖಾಸಗಿ ವ್ಯಕ್ತಿಯೊಬ್ಬ ಇನ್ನೊಬ್ಬನನ್ನು ಹಿಡಿಯಬಹುದು ಎಂದು ಭಾರತೀಯ ನಾಗರಿಕ ಸುರಕ್ಷಾ ಸಂಹಿತೆಯ 40ನೆಯ ಕಲಂ ಹೇಳುತ್ತದೆ. ಆದರೆ ಕಣ್ಣೆದುರೇ ನಡೆದ ಅಪರಾಧ ಜಾಮೀನುರಹಿತವೂ ಸಂಜ್ಞೇಯವೂ ಆಗಿರಬೇಕು, ಆರು ಗಂಟೆಯೊಳಗೆ ಪೊಲೀಸರಿಗೆ ಒಪ್ಪಿಸಬೇಕು. 2024ರ ಜುಲೈ 1ರಿಂದ ಇಲ್ಲೊಂದು ಗಂಟು ಬಿದ್ದಿದೆ. ಹೊಸ ನ್ಯಾಯ ಸಂಹಿತೆಯಲ್ಲಿ 5,000 ರೂಪಾಯಿಗಿಂತ ಕಡಿಮೆ ಬೆಲೆಯ ಕಳವು ಮೊದಲ ಸಲ ಮಾಡಿದವರಿಗೆ, ಕದ್ದದ್ದನ್ನು ಹಿಂತಿರುಗಿಸಿದರೆ, ಸಮುದಾಯ ಸೇವೆಯ ಶಿಕ್ಷೆ ಇದೆ. ಅನುಸೂಚಿಯಲ್ಲಿ ಅದನ್ನು ಅಸಂಜ್ಞೇಯ, ಜಾಮೀನು ಸಿಗುವ ಅಪರಾಧವಾಗಿ ಸೇರಿಸಿದ್ದಾರೆ. ಆ ಲೆಕ್ಕದಲ್ಲಿ ಲಿಪ್‌ಸ್ಟಿಕ್ ಕದ್ದವಳನ್ನು ಗಾರ್ಡು ಹಿಡಿದಿಡುವಂತೆಯೇ ಇಲ್ಲ. ಮ್ಯಾಜಿಸ್ಟ್ರೇಟರ ಆದೇಶವಿಲ್ಲದೆ ಪೊಲೀಸರು ತನಿಖೆ ಶುರುಮಾಡುವಂತೆಯೂ ಇಲ್ಲ. ಅದೇ ಸಂಹಿತೆಯಲ್ಲಿ ಎರಡು ಕಲಂ ದಾಟಿದರೆ 305 ಬರುತ್ತದೆ: ಸಾಮಾನು ಇಡುವ ಕಟ್ಟಡದೊಳಗಿನ ಕಳವಿಗೆ ಏಳು ವರ್ಷದವರೆಗೆ ಶಿಕ್ಷೆ, ಸಂಜ್ಞೇಯ, ಜಾಮೀನುರಹಿತ. ಅಂಗಡಿ ಅಂಥ ಕಟ್ಟಡವೇ ಅಲ್ಲವೇ ಎಂದು ಪೊಲೀಸರು ಕೇಳಿದರೆ ಸುಲಭದಲ್ಲಿ ಅಲ್ಲಗಳೆಯಲಾಗದು. ಒಂದೇ ಲಿಪ್‌ಸ್ಟಿಕ್ಕಿಗೆ ಎರಡು ದಾರಿ. ಯಾವುದು ಎಂದು ನಿರ್ಧರಿಸುವುದು ಠಾಣೆಯ ಮೇಜಿನ ಮೇಲಿನ ಪೆನ್ನು. ಮುಂದಿನ ವರ್ಷ ವಕೀಲಿಕೆಗೆ ಇಳಿಯುವವರು ಇದನ್ನು ಗುರುತು ಹಾಕಿಕೊಳ್ಳಿ.

ಯಾವ ಕಲಂ ಬಿದ್ದರೂ, ಮಗುವಿನ ಮಟ್ಟಿಗೆ ಮೇಲುಗೈ 2015ರ ಬಾಲ ನ್ಯಾಯ ಕಾಯ್ದೆಯದು. ಬೇರೆ ಕಾನೂನು ಏನೇ ಹೇಳಲಿ ಎಂದೇ ಅದು ಶುರುವಿನಲ್ಲಿ ಘೋಷಿಸಿಕೊಳ್ಳುತ್ತದೆ. 2016ರ ಮಾದರಿ ನಿಯಮಗಳ ಎಂಟನೆಯ ನಿಯಮವನ್ನು ಎಷ್ಟು ಪೊಲೀಸರು ಓದಿದ್ದಾರೋ ಏನೋ, ಅದು ಪೊಲೀಸ್ ಪದ್ಧತಿಯನ್ನೇ ತಲೆಕೆಳಗು ಮಾಡುವಂಥದ್ದು. ಏಳು ವರ್ಷಕ್ಕೆ ಕಡಿಮೆಯಿಲ್ಲದ ಕನಿಷ್ಠ ಶಿಕ್ಷೆ ಇರುವ ಹೀನ ಅಪರಾಧವಲ್ಲದಿದ್ದರೆ, ದೊಡ್ಡವರ ಜೊತೆ ಸೇರಿ ಮಾಡಿದ್ದಲ್ಲದಿದ್ದರೆ, ಮಗುವಿನ ಮೇಲೆ ಎಫ್‌ಐಆರ್ ಹಾಕುವಂತಿಲ್ಲ. ಠಾಣೆಯ ದಿನಚರಿಯಲ್ಲಿ ಬರೆದು, ಮಗುವಿನ ಸಾಮಾಜಿಕ ಹಿನ್ನೆಲೆಯ ವರದಿಯೊಂದಿಗೆ ಬಾಲ ನ್ಯಾಯ ಮಂಡಳಿಗೆ ತಿಳಿಸಬೇಕು. ಹಿಡಿದು ಕರೆದೊಯ್ಯುವ ಅಧಿಕಾರವೂ ಹೀನ ಅಪರಾಧಗಳಿಗೇ, ಮಗುವಿನ ಹಿತಕ್ಕೆ ಬೇಕೇ ಬೇಕು ಎನ್ನಿಸಿದಾಗ ಮಾತ್ರ ಬೇರೆ. 305ರ ಏಳು ವರ್ಷ ಗರಿಷ್ಠ ಶಿಕ್ಷೆ, ಕನಿಷ್ಠವಲ್ಲ. ಹಾಗಾಗಿ ಭಾರವಾದ ಕಲಮಿನ ಕೆಳಗೂ ಆ ಹುಡುಗಿಯನ್ನು ಜೀಪು ಹತ್ತಿಸುವುದು ರೂಢಿಯ ಮಾತಾಗುವಂತಿಲ್ಲ. ಲಾಕಪ್ ಇಲ್ಲ, ಕೋಳ ಇಲ್ಲ, ತಪ್ಪೊಪ್ಪಿಗೆಗೆ ಒತ್ತಾಯ ಇಲ್ಲ. ಆದಷ್ಟೂ ಸಾದಾ ಉಡುಪಿನ ಪೊಲೀಸರು, ಹುಡುಗಿಯಾದರೆ ಮಹಿಳಾ ಸಿಬ್ಬಂದಿ. ಮಗುವಿನಿಂದ ಯಾವ ಹೇಳಿಕೆಗೂ ಸಹಿ ಹಾಕಿಸಿಕೊಳ್ಳಬಾರದು. 2020ರ ಫೆಬ್ರುವರಿಯಲ್ಲಿ ಸುಪ್ರೀಂ ಕೋರ್ಟು, ಮಕ್ಕಳನ್ನು ಲಾಕಪ್ಪಿನಲ್ಲಿಡಲು ಪೊಲೀಸರಿಗೆ ಹಕ್ಕೇ ಇಲ್ಲ, ಬಾಲ ನ್ಯಾಯ ಮಂಡಳಿಗಳು ಮೂಕಪ್ರೇಕ್ಷಕರಾಗಿ ಕೂರಬಾರದು ಎಂದು ಮತ್ತೊಮ್ಮೆ ಹೇಳಬೇಕಾಯಿತು. ಶೀಲಾ ಬರ್ಸೆ ಅವರ ಪ್ರಕರಣದಲ್ಲಿ 1986ರಲ್ಲೇ ಮಕ್ಕಳನ್ನು ಜೈಲಿನಲ್ಲಿಡಬೇಡಿ ಎಂದಿತ್ತು ಅದೇ ನ್ಯಾಯಾಲಯ.

ಉಳಿದಿಬ್ಬರು ಗೆಳತಿಯರು? ಅವರು ಹೆಚ್ಚೆಂದರೆ ಸಾಕ್ಷಿಗಳು. ಹೆಣ್ಣುಮಕ್ಕಳನ್ನೂ 15 ತುಂಬದ ಹುಡುಗರನ್ನೂ ಸಾಕ್ಷಿ ವಿಚಾರಣೆಗೆಂದು ಅವರ ಮನೆ ಬಿಟ್ಟು ಬೇರೆಡೆ ಬರಹೇಳುವಂತಿಲ್ಲ. ಇದು ಹಳೆಯ ದಂಡಪ್ರಕ್ರಿಯಾ ಸಂಹಿತೆಯಲ್ಲೂ ಇತ್ತು, ಹೊಸದರಲ್ಲೂ ಇದೆ. "ಸುಮ್ನೆ ಬನ್ನಿ, ವಿಚಾರಿಸಿ ಬಿಟ್ಟುಬಿಡ್ತೀವಿ" ಎಂದು ಮೂವರನ್ನೂ ಒಟ್ಟಿಗೆ ಠಾಣೆಗೆ ಕರೆದರೆ, ಇಬ್ಬರ ಮಟ್ಟಿಗೆ ಅದು ಆ ಕ್ಷಣವೇ ಕಾನೂನು ಮೀರಿದ ಕೆಲಸ.

ಇಷ್ಟೆಲ್ಲ ಬಿಗಿ ಇರುವುದು ತಪ್ಪು ಮಾಡಿದ ಮಗುವಿಗೆ. ಏನೂ ಮಾಡದ ಮಗುವಿಗೆ ಇದರ ಅರ್ಧ ರಕ್ಷಣೆಯೂ ಇಲ್ಲ. ನಾನು ಇವತ್ತು ಹೇಳಬೇಕೆಂದು ಬಂದದ್ದು ಇದನ್ನೇ.

ಬಾಲ ನ್ಯಾಯ ಕಾಯ್ದೆಯಲ್ಲಿ ಮಕ್ಕಳು ಎರಡು ಬಗೆ. ಕಾನೂನಿನೊಡನೆ ಸಂಘರ್ಷಕ್ಕೆ ಬಿದ್ದವರು ಒಂದು, ಪಾಲನೆ ಮತ್ತು ರಕ್ಷಣೆ ಬೇಕಾದವರು ಇನ್ನೊಂದು. ಸಂಜೆ ಏಳಕ್ಕೆ ಫುಡ್ ಕೋರ್ಟಿನಲ್ಲಿ ಗುಂಪುಗಟ್ಟಿ ಕೂತು, ಒಂದು ಕೋಕನ್ನು ಐದು ಜನ ಹಂಚಿಕೊಂಡು, ಜೋರಾಗಿ ನಗುವ ಹುಡುಗರು ಈ ಎರಡರಲ್ಲಿ ಯಾವುದೂ ಅಲ್ಲ. ಅವರು ಕಳೆದುಹೋಗಿಲ್ಲ, ಕದ್ದಿಲ್ಲ, ಭಿಕ್ಷೆ ಬೇಡುತ್ತಿಲ್ಲ. ವ್ಯಾಪಾರಕ್ಕೆ ಅಡ್ಡ, ಅಷ್ಟೆ. ಮಾಲೀಕ ಪೊಲೀಸರನ್ನು ಕರೆಸಿದ. ಪೊಲೀಸರು "ಏಳ್ರೋ, ಮನೆಗೆ ಹೋಗ್ರಿ" ಅಂದರು. ಹುಡುಗನೊಬ್ಬ "ಯಾಕೆ ಸಾರ್?" ಅಂದ. ಮುಂದೇನು?

2024ರ ಜುಲೈವರೆಗೆ ಇದಕ್ಕೆ ಉತ್ತರ ಮಸುಕಾಗಿತ್ತು. ನಾಗರಿಕ ಸುರಕ್ಷಾ ಸಂಹಿತೆ 172ನೆಯ ಕಲಮಿನಲ್ಲಿ ಹೊಸದೊಂದು ಅಧಿಕಾರ ಸೇರಿಸಿದೆ. ಅಪರಾಧ ತಡೆಯುವ ಕರ್ತವ್ಯದಲ್ಲಿ ಪೊಲೀಸರು ಕೊಟ್ಟ ಕಾನೂನುಬದ್ಧ ನಿರ್ದೇಶನಕ್ಕೆ ಎಲ್ಲರೂ ಬದ್ಧರು. ಪಾಲಿಸದವರನ್ನು ತಡೆದಿರಿಸಬಹುದು, ಅಲ್ಲಿಂದ ತೆಗೆದೊಯ್ಯಬಹುದು, ಸಣ್ಣ ಪ್ರಕರಣವಾದರೆ 24 ಗಂಟೆಯೊಳಗೆ ಬಿಟ್ಟುಬಿಡಬಹುದು. 'ಎಲ್ಲರೂ' ಅಂದಾಗ ಮಕ್ಕಳೂ ಬಂದರು, ಆದರೆ ಮಕ್ಕಳ ಹೆಸರಿಲ್ಲ. ಅಪರಾಧದ ಆರೋಪ ಹೊತ್ತ ಮಗುವನ್ನು ವಿಶೇಷ ಮಕ್ಕಳ ಪೊಲೀಸ್ ಘಟಕಕ್ಕೆ ಒಪ್ಪಿಸಬೇಕು, ಪೋಷಕರಿಗೆ ತಿಳಿಸಬೇಕು, ಮಂಡಳಿಯ ಮುಂದೆ ನಿಲ್ಲಿಸಬೇಕು. ಆರೋಪವೇ ಇಲ್ಲದ ಮಗುವನ್ನು 172ರ ಕೆಳಗೆ ಕರೆದೊಯ್ದರೆ ಇದರಲ್ಲಿ ಒಂದೂ ಸ್ಪಷ್ಟವಾಗಿ ಅನ್ವಯಿಸುವುದಿಲ್ಲ. ಮಾಲೀಕನ ಅಸಮಾಧಾನವನ್ನು ಪೊಲೀಸ್ ನಿರ್ದೇಶನವನ್ನಾಗಿ ಬದಲಿಸಲು ಈ ಕಲಂ ಬಳಕೆಯಾಗಬಾರದು ಎಂಬುದು ನನ್ನ ವಾದ. ಜೋರಾಗಿ ನಕ್ಕರೆ ಯಾವ ಅಪರಾಧವನ್ನು ತಡೆಯಬೇಕಾಗಿದೆ? ಆ ಪ್ರಶ್ನೆಗೆ ಉತ್ತರವಿಲ್ಲದಿದ್ದರೆ ನಿರ್ದೇಶನ ಕಾನೂನುಬದ್ಧವಲ್ಲ. ನಮ್ಮ ಹೈಕೋರ್ಟಿನಲ್ಲಿ ಇದನ್ನು ಒಂದು ದಿನ ಯಾರಾದರೂ ಎತ್ತಲೇಬೇಕು.

ಇದೇ ತೊಡಕನ್ನು ಇಂಗ್ಲೆಂಡು ನಮಗಿಂತ ಮೊದಲು ಅನುಭವಿಸಿತು. 2003ರ ಸಮಾಜಕಂಟಕ ವರ್ತನೆ ಕಾಯ್ದೆಯ 30ನೆಯ ಕಲಂ, ಗೊತ್ತುಪಡಿಸಿದ ಪ್ರದೇಶಗಳಲ್ಲಿ ರಾತ್ರಿ ಒಂಬತ್ತರಿಂದ ಬೆಳಗಿನ ಆರರವರೆಗೆ, ದೊಡ್ಡವರ ಜೊತೆಯಿಲ್ಲದ 16ರ ಕೆಳಗಿನವರನ್ನು ಮನೆಗೆ ಒಯ್ಯುವ ಅಧಿಕಾರವನ್ನು ಪೊಲೀಸರಿಗೆ ಕೊಟ್ಟಿತು. ಸಾರ್ವಜನಿಕ ಸ್ಥಳ ಅಂದರೆ ಏನು? ಹಣ ಕೊಟ್ಟೋ ಕೊಡದೆಯೋ, ಹಕ್ಕಿನಿಂದಲೋ ಮಾಲೀಕನ ಅನುಮತಿಯಿಂದಲೋ, ಜನ ಬಂದುಹೋಗುವ ಯಾವುದೇ ಜಾಗ. ಶಾಪಿಂಗ್ ಸೆಂಟರು, ಸಿನಿಮಾ ಎಲ್ಲ ಅದರೊಳಗೇ ಬಂದವು. ಲಂಡನ್ನಿನ ರಿಚ್ಮಂಡಿನ 15 ವರ್ಷದ ಹುಡುಗನೊಬ್ಬ ಕೋರ್ಟಿಗೆ ಹೋದ. ದಾಖಲೆಯಲ್ಲಿ ಅವನ ಹೆಸರು 'ಡಬ್ಲ್ಯೂ' ಎಂದಷ್ಟೇ ಇದೆ. ಅವನ ಮೇಲೆ ಒಂದು ದೂರೂ ಇರಲಿಲ್ಲ. ತಾನು ತಪ್ಪೇ ಮಾಡದೆ ಸಂಜೆಯ ಹೊತ್ತು ಓಡಾಡಲು ಪೊಲೀಸರಿಗೆ ಯಾಕೆ ಹೆದರಬೇಕು ಎಂಬುದೇ ಅವನ ತಕರಾರು. 2005ರಲ್ಲಿ ಹೈಕೋರ್ಟು ಅವನ ಪರ ನಿಂತು, ಆ ಕಲಂ ಬಲ ಪ್ರಯೋಗದ ಅಧಿಕಾರ ಕೊಡುವುದಿಲ್ಲ ಎಂದಿತು. ಸರ್ಕಾರ ಮೇಲ್ಮನವಿ ಸಲ್ಲಿಸಿತು. 2006ರಲ್ಲಿ ಮೇಲ್ಮನವಿ ನ್ಯಾಯಾಲಯದ ತೀರ್ಪು ಎರಡೂ ಕಡೆಗೆ ಅರ್ಧರ್ಧ ಸಿಕ್ಕಿತು: ಅಗತ್ಯವಾದರೆ ಹಿತಮಿತ ಬಲ ಬಳಸಬಹುದು, ಆದರೆ ಮನಸೋ ಇಚ್ಛೆ ಅಲ್ಲ, ಬೇರೆಯವರ ದುಂಡಾವರ್ತನೆಗೆ ಬಲಿಯಾಗದಂತೆಯೋ ತಾನೇ ಅದರಲ್ಲಿ ತೊಡಗದಂತೆಯೋ ಮಗುವನ್ನು ಕಾಯುವುದಕ್ಕಷ್ಟೇ. ಸುಮ್ಮನೆ ಅಂಗಡಿಗೆ ಹೋಗಿ ಬರುವ ಹುಡುಗನನ್ನು ಮುಟ್ಟುವಂತಿಲ್ಲ. ಆ ಕಲಮನ್ನು ಅವರು ಆಮೇಲೆ ಕೈಬಿಟ್ಟು, 2014ರಲ್ಲಿ ಬೇರೆ ರೂಪದಲ್ಲಿ ತಂದರು. ನಮಗೆ ಮುಖ್ಯವಾದದ್ದು, ಅಲ್ಲಿ ಅಧಿಕಾರ ಕಾಗದದ ಮೇಲೆ ಇತ್ತು. ಇದ್ದದ್ದರಿಂದಲೇ ಹುಡುಗನೊಬ್ಬ ಅದನ್ನು ಪ್ರಶ್ನಿಸಲು ಆಯಿತು.

ಅಮೆರಿಕದ ದಾರಿಯೇ ಬೇರೆ, ಅಲ್ಲಿ ಮಾಲಿನ ನಿಯಮವೇ ಬಲಶಾಲಿ. ಮಿನೆಸೋಟದ ಮಾಲ್ ಆಫ್ ಅಮೆರಿಕ 1996ರಿಂದಲೇ ವಾರಾಂತ್ಯದ ಸಂಜೆ 16ರ ಕೆಳಗಿನವರು ದೊಡ್ಡವರಿಲ್ಲದೆ ಬರಬಾರದು ಎಂದು ವಿಧಿಸಿತು. ಅದಕ್ಕೂ ಮುಂಚೆ, ಕ್ಯಾಲಿಫೋರ್ನಿಯದ ಪ್ರೂನ್‌ಯಾರ್ಡ್ ಶಾಪಿಂಗ್ ಸೆಂಟರಿನಲ್ಲಿ ಕೆಲವು ಹೈಸ್ಕೂಲು ಮಕ್ಕಳು ಮೇಜು ಹಾಕಿ ಸಹಿ ಸಂಗ್ರಹಿಸುತ್ತಿದ್ದಾಗ ಗಾರ್ಡು ಎಬ್ಬಿಸಿದ್ದ. ಆ ವ್ಯಾಜ್ಯ 1980ರಲ್ಲಿ ಸುಪ್ರೀಂ ಕೋರ್ಟು ತಲುಪಿ, ರಾಜ್ಯದ ಸಂವಿಧಾನ ಬಯಸಿದರೆ ಖಾಸಗಿ ಮಾಲಿನೊಳಗೂ ವಾಕ್ ಸ್ವಾತಂತ್ರ್ಯ ಕೊಡಬಹುದು ಎಂದಾಯಿತು. ಶಾಲಾ ಮಕ್ಕಳು ಗೆದ್ದ ಮೊಕದ್ದಮೆ ಎಂದು ಇಲ್ಲಿನ ಮಕ್ಕಳಿಗೆ ಹೇಳಿಕೊಡಬೇಕಾದದ್ದು.

ನಮ್ಮಲ್ಲಿ ಅಧಿಕಾರ ಕಾಗದದ ಮೇಲೆ ಬರುವುದೇ ಅಪರೂಪ. ನಮ್ಮಲ್ಲಿ ಇರುವುದು ಮುಚ್ಚಳಿಕೆ. ಲಿಪ್‌ಸ್ಟಿಕ್ ಹುಡುಗಿಯ ತಾಯಿಯನ್ನು ಕರೆಸುತ್ತಾರೆ. ಆಕೆ ಕೈಮುಗಿದು, "ಸಾರ್, ಕೇಸ್ ಮಾತ್ರ ಹಾಕ್ಬೇಡಿ, ಮುಂದೆ ಮದುವೆ ಆಗ್ಬೇಕಾದ ಹುಡುಗಿ" ಅನ್ನುತ್ತಾಳೆ. ಸಬ್ ಇನ್‌ಸ್ಪೆಕ್ಟರು ಎರಡು ಮಾತು ಗದರಿಸಿ, ಹುಡುಗಿಯ ಕೈಲಿ ಒಂದು ಬಿಳಿ ಹಾಳೆಯ ಮೇಲೆ ಮುಚ್ಚಳಿಕೆ ಬರೆಸಿ, ಸಹಿ ಹಾಕಿಸಿ, ಬುದ್ಧಿ ಹೇಳಿ ಕಳಿಸುತ್ತಾರೆ. ಸಹಿ ಹಾಕಿಸಬಾರದೆಂಬ ನಿಯಮ ಅಲ್ಲೇ ಮುರಿಯಿತು. ಆದರೂ ಆ ಅಧಿಕಾರಿ ಕ್ರೂರಿಯೆಂದು ಹೇಳಲು ನನಗೆ ಬಾಯಿ ಬರುವುದಿಲ್ಲ. ಎಷ್ಟೋ ಸಲ ಇದು ಮಂಡಳಿಯ ಮುಂದೆ ಅಲೆದಾಡುವುದಕ್ಕಿಂತ ಮಗುವಿಗೆ ಒಳ್ಳೆಯದೇ. ನ್ಯಾಯಾಲಯದ ಮೆಟ್ಟಿಲು ಹತ್ತಿಸದೆ ಬೇರೆ ದಾರಿಯಲ್ಲಿ ಬಗೆಹರಿಸುವುದನ್ನು ಬಾಲ ನ್ಯಾಯ ಕಾಯ್ದೆಯೇ ತನ್ನ ಮೂಲತತ್ವಗಳಲ್ಲಿ ಒಂದಾಗಿ ಎಣಿಸಿದೆ.

ಆ ಹಾಳೆ ಮುಂದೆ ಎಲ್ಲಿಗೆ ಹೋಯಿತು ಎಂಬುದು ನನ್ನನ್ನು ಕಾಡುವ ಪ್ರಶ್ನೆ. ಠಾಣೆಯ ದಿನಚರಿಯಲ್ಲಿ ಇಲ್ಲ, ಮಂಡಳಿಗೆ ಹೋಗಿಲ್ಲ, ಮೇಜಿನ ಖಾನೆಯಲ್ಲಿ ಇದೆ. ಪ್ರಕರಣ ಮುಗಿದ ಮೇಲೆ ಮಗುವಿನ ದಾಖಲೆಗಳನ್ನು ನಾಶಪಡಿಸಬೇಕೆಂದು ಕಾಯ್ದೆ ಹೇಳುವುದು ಅಧಿಕೃತ ದಾಖಲೆಗಳಿಗೆ. ಖಾನೆಯ ಹಾಳೆಗೆ ಅವಧಿಯೇ ಇಲ್ಲ. ಸೂಪರ್ ಮಾರ್ಕೆಟ್ಟಿನವರ ಬಳಿ ಕ್ಯಾಮೆರಾ ತುಣುಕೂ ಫೋನಿನಲ್ಲಿ ತೆಗೆದ ಫೋಟೋವೂ ಇವೆ, ಅವು ಸುತ್ತಲಿನ ಅಂಗಡಿಯವರ ವಾಟ್ಸ್ಆ್ಯಪ್ ಗುಂಪಿಗೆ ಹೋಗಿರುತ್ತವೆ. ವಿಚಾರಣೆಗೊಳಗಾದ ಮಗುವಿನ ಗುರುತು ಹೊರಗೆಡವುವುದಕ್ಕೆ ಬಾಲ ನ್ಯಾಯ ಕಾಯ್ದೆಯ 74ನೆಯ ಕಲಮಿನಲ್ಲಿ ಆರು ತಿಂಗಳವರೆಗೆ ಸಜೆ ಇದೆ, ಎರಡು ಲಕ್ಷದವರೆಗೆ ದಂಡ ಇದೆ. ಆದರೆ ಲೆಕ್ಕದ ಪ್ರಕಾರ ವಿಚಾರಣೆಯೇ ನಡೆದಿಲ್ಲವಲ್ಲ! ಕೇಸು ಬೇಡವೆಂದು ತಾಯಿ ಬೇಡಿಕೊಂಡದ್ದು ಯಾವುದಕ್ಕಾಗಿಯೋ ಅದೇ ಹೀಗೆ ಕೈತಪ್ಪುತ್ತದೆ. ದಿನಚರಿಯಲ್ಲಿ ಎರಡು ಸಾಲು ಬರೆದು ಬಿಟ್ಟು ಕಳಿಸುವುದೇ ಮಗುವಿಗೆ ಹೆಚ್ಚಿನ ರಕ್ಷಣೆ. ಬರೆದರೆ ಕಳಂಕ ಎಂಬ ಪೋಷಕರ ಭಯ ಸಹಜ, ಆದರೆ ಅದು ಎಫ್‌ಐಆರಿನ ಭಯ. ಎರಡೂ ಬೇರೆ ಎಂದು ವಿವರಿಸಬೇಕಾದವರು ಪೊಲೀಸರೇ.

ಹಾಗೆ ವಿವರಿಸಲು ಠಾಣೆಯಲ್ಲಿ ಜನವೂ ಇದ್ದಾರೆ. ಅದೇ ಕಾಯ್ದೆಯ 107ನೆಯ ಕಲಮಿನ ಪ್ರಕಾರ ಪ್ರತಿ ಠಾಣೆಯಲ್ಲೂ ಎಎಸ್‌ಐ ದರ್ಜೆಗೆ ಕಡಿಮೆಯಿಲ್ಲದ ಒಬ್ಬ ಮಕ್ಕಳ ಕಲ್ಯಾಣ ಪೊಲೀಸ್ ಅಧಿಕಾರಿ ಇರಬೇಕು. ಮಾಲಿನ ಮಾಹಿತಿ ಕೌಂಟರಿನಲ್ಲಿ ಅವರ ಹೆಸರು, ನಂಬರು ಅಂಟಿಸಲು ಖರ್ಚೇನೂ ಇಲ್ಲ. ಬೀಟಿನ ಪೊಲೀಸರ ಬದಲು ಅವರಿಗೇ ಫೋನ್ ಹೋಗುವಂತಾದರೆ ಅರ್ಧ ತಕರಾರು ಬಾಗಿಲಲ್ಲೇ ಮುಗಿಯುತ್ತದೆ.

ಇನ್ನೊಂದು ವೈಚಿತ್ರ್ಯವನ್ನೂ ಹೇಳಿಬಿಡುತ್ತೇನೆ. ಮಗುವಿಗೆ ಮದ್ಯ ಕೊಟ್ಟವರಿಗೆ ಬಾಲ ನ್ಯಾಯ ಕಾಯ್ದೆಯ 77ನೆಯ ಕಲಂ ಏಳು ವರ್ಷದವರೆಗೆ ಕಠಿಣ ಸಜೆ ಹೇಳುತ್ತದೆ. ಕೇಳಲು ಭಯಂಕರ. ಆದರೆ 2021ರ ತಿದ್ದುಪಡಿ, ಈ ಕಾಯ್ದೆಯ ಕೆಳಗೆ ಮೂರರಿಂದ ಏಳು ವರ್ಷದವರೆಗೆ ಶಿಕ್ಷೆ ಇರುವ ಅಪರಾಧಗಳನ್ನೆಲ್ಲ ಅಸಂಜ್ಞೇಯ ಮಾಡಿತು. ಪಬ್ಬಿನಲ್ಲಿ ಸಿಕ್ಕ 17ರ ಹುಡುಗನನ್ನು ಎಬ್ಬಿಸಿ ನಿಲ್ಲಿಸಲು ಪೊಲೀಸರಿಗೆ ಒಂದು ನಿಮಿಷ ಸಾಕು. ಅವನಿಗೆ ಗ್ಲಾಸು ಹಿಡಿಸಿದವನ ಮೇಲೆ ಈ ಕಲಮಿನಲ್ಲಿ ಹೋಗಬೇಕೆಂದರೆ ಮೊದಲು ಮ್ಯಾಜಿಸ್ಟ್ರೇಟರ ಬಳಿ ಹೋಗಬೇಕು.

ಕೊನೆಯದಾಗಿ ಮನೆ. ಈ ಚರ್ಚೆಯಲ್ಲೆಲ್ಲ, ಗದರಿಸಿದರೂ ಪ್ರೀತಿಯಿಂದ ಹೇಳಿದರೂ, ಎಲ್ಲರ ಬಾಯಲ್ಲೂ ಬರುವ ಪರಿಹಾರ ಒಂದೇ: ಮನೆಗೆ ಕಳಿಸಿ. ಇಂಗ್ಲೆಂಡಿನ ಆ 30ನೆಯ ಕಲಂ ಇಷ್ಟೆಲ್ಲ ಟೀಕೆಗೆ ಗುರಿಯಾದರೂ ಒಂದು ವಿವೇಕ ತೋರಿತ್ತು. ಮನೆಯಲ್ಲೇ ಮಗುವಿಗೆ ಗಂಭೀರ ಹಾನಿಯಾದೀತು ಎನ್ನಲು ಕಾರಣವಿದ್ದರೆ ಮನೆಗೆ ಒಯ್ಯಬಾರದು ಎಂದಿತ್ತು. ರಾತ್ರಿ ಹತ್ತಕ್ಕೆ ಮಾಲಿನ ಶಟರು ಇಳಿಯುವಾಗಲೂ ಕದಲದೆ ಕೂತ 16ರ ಹುಡುಗಿ, "ಅಪ್ಪನಿಗೆ ಫೋನ್ ಮಾಡಬೇಡಿ" ಅಂದರೆ ಅದು ಹಟವೂ ಇರಬಹುದು, ಬೇರೇನೋ ಇರಬಹುದು. ಆಗ ಅವಳು ಎರಡನೆಯ ಬಗೆಯ ಮಗು, ರಕ್ಷಣೆ ಬೇಕಾದವಳು. ಮಹಿಳಾ ಸಿಬ್ಬಂದಿಯನ್ನು ಕರೆಸಬೇಕು, 1098ಕ್ಕೆ ಹೇಳಬೇಕು, 24 ಗಂಟೆಯೊಳಗೆ ಮಕ್ಕಳ ಕಲ್ಯಾಣ ಸಮಿತಿಯ ಮುಂದೆ ತರಬೇಕು. ಅಲ್ಲಿಯವರೆಗೆ ಅಪ್ಪನ ನಂಬರು ಒತ್ತುವುದು ಸರಿಯೇ ಎಂಬ ತೀರ್ಮಾನ ಆ ಹೊತ್ತಿಗೆ ಅಲ್ಲಿ ನಿಂತಿರುವ ಪೊಲೀಸರದು. ಅದಕ್ಕೆ ಬೇಕಾದ ತರಬೇತಿಯನ್ನು ಅವರಿಗೆ ಕೊಡಿಸಬೇಕಾದದ್ದು ಸರ್ಕಾರ. ಅವಳನ್ನು ಅಷ್ಟು ಹೊತ್ತು ಎಲ್ಲಿ ಕೂರಿಸುವುದು ಎಂಬುದಕ್ಕೆ ಠಾಣೆಯ ಬೆಂಚು ಉತ್ತರವಲ್ಲ.